ಎರಡನೇ ಖಾನೆ

ಪಟ್ಟಿಯ ಹದಿನೇಳನೆಯ ಸಾಲು ಓದಿದ ಮೇಲೆ ಪುಂಡಲೀಕನ ಬಾಯಲ್ಲಿದ್ದ ಉಪ್ಪಿಟ್ಟು ಒಳಗಿಳಿಯಲಿಲ್ಲ. ಮೊಬೈಲನ್ನು ತಟ್ಟೆಯ ಪಕ್ಕ ಬೋರಲು ಹಾಕಿದ, ನೀರು ಕುಡಿದ, ಮತ್ತೆ ಎತ್ತಿ ನೋಡಿದ. ಹೆಸರು ಅಲ್ಲೇ ಇತ್ತು. ಹಾವೇರಿ ಜಿಲ್ಲೆಯಲ್ಲಿ ಬರುವ ಜೂನ್‌ನಿಂದ ಬಾಗಿಲು ಹಾಕಿ ಪಕ್ಕದೂರಿನ ಶಾಲೆಗೆ ಸೇರಿಸಬೇಕಾದ ಇಪ್ಪತ್ಮೂರು ಸರ್ಕಾರಿ ಶಾಲೆಗಳ ಪಟ್ಟಿ ಅದು. ಹದಿನೇಳನೆಯದು ಅಗಡಿಯ ಆಚೆ, ಹೊಳೆಯ ನೆರೆಗೆ ಹೆದರಿ ಮೇಲಕ್ಕೆ ಬಂದ ಜನ ಕಟ್ಟಿಕೊಂಡ ಪ್ಲಾಟಿನ ಕಿರಿಯ ಪ್ರಾಥಮಿಕ ಶಾಲೆ. ಮುಚ್ಚುವುದು ಎಂಬ ಮಾತು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಬಲವರ್ಧನೆ ಎಂದಿತ್ತು. ಮುಚ್ಚುವುದಕ್ಕೆ ಬಲವರ್ಧನೆ ಅನ್ನುವ ಜನ ಇವರು, ನಾಳೆ ಸಾಯುವುದಕ್ಕೆ ಏನನ್ನುತ್ತಾರೋ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಪಟ್ಟಿಯ ಕೊನೆಗೆ ಸರ್ಕಾರಿ ಶಾಲಾ ಬಲವರ್ಧನಾ ಮಿಷನ್ನಿನ ಜಿಲ್ಲಾ ನಿರ್ದೇಶಕರ ದೃಢೀಕರಣದ ಮೇರೆಗೆ ಎಂದು ಬರೆದಿತ್ತು. ಆ ಜಿಲ್ಲಾ ನಿರ್ದೇಶಕ ಬೇರೆ ಯಾರೂ ಅಲ್ಲ, ಬ್ಯಾಡಗಿಯ ತನ್ನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತ ಇದೇ ಪುಂಡಲೀಕ.

"ಆರಾಕತ್ತೈತಿ, ತಿನ್ರಿ. ಯಾರ ಮೆಸೇಜದು?" ಎಂದಳು ಶೀಲಾ. ಸದಾಶಿವ ಅವರದು ಎಂದ. ಅವಳ ಮುಖ ಅರಳಿತು. ಸದಾಶಿವ ಬೆಂಗಳೂರಿನಲ್ಲಿ ಕೂತು ಇಡೀ ಮಿಷನ್ನನ್ನು ನಡೆಸುವ ಅಧಿಕಾರಿ, ಹಾವೇರಿಯವನೇ, ಪುಂಡಲೀಕನ ಮೂರು ವರ್ಷದ ಗುತ್ತಿಗೆಯನ್ನು ಮುಂದುವರಿಸುವ ಫೈಲು ಅವನ ಮೇಜಿನ ಮೇಲೆ ಕೂತು ಒಂದು ತಿಂಗಳಾಗಿತ್ತು. "ಆತೇನು ಹಂಗಾರ?" ಎಂದು ಅವಳು ಕೇಳಿದಳು. ಇನ್ನೂ ಇಲ್ಲ ಎಂದ. ಹೆಂಡತಿಗೆ ಇದನ್ನು ಹೇಳಿದರೆ ಏನೆನ್ನುತ್ತಾಳೆ ಎಂಬುದು ಗೊತ್ತಿತ್ತು: ಇಪ್ಪತ್ಮೂರರಾಗ ಒಂದ ಸಾಲಿಗೆ ಯಾಕ ಇಷ್ಟ ತಲಿ ಕೆಡಿಸ್ಕೋತೀರಿ. ಉಳಿದ ಇಪ್ಪತ್ತೆರಡು ಹೆಸರನ್ನು ತಾನು ಎರಡನೆಯ ಸಲ ನೋಡಿರಲಿಲ್ಲ ಎಂಬುದೂ ನಿಜವೇ. ಆ ಇಪ್ಪತ್ತೆರಡರಲ್ಲಿ ಮಕ್ಕಳೇ ಇರಲಿಲ್ಲ, ಎರಡು, ಮೂರು, ಒಂದರಲ್ಲಂತೂ ಮಾಸ್ತರನ ಮಗಳೊಬ್ಬಳೇ. ಪ್ಲಾಟಿನ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಅದು ಪಟ್ಟಿಗೆ ಬಂದದ್ದು ಮಕ್ಕಳ ಸಂಖ್ಯೆಯಿಂದ ಅಲ್ಲ. ಎದುರಿನ ಅಂಕಣದಲ್ಲಿ ಕಾರಣ ಬರೆದಿತ್ತು, ಓದಿನ ಮಟ್ಟ ಜಿಲ್ಲೆಯಲ್ಲಿಯೇ ಅತಿ ಕೆಳಗೆ, ಹತ್ತೊಂಬತ್ತರಲ್ಲಿ ಹದಿನಾಲ್ಕು ಮಕ್ಕಳಿಗೆ ಒಂದು ವಾಕ್ಯವೂ ಓದಲು ಬಾರದು. ಆ ಹದಿನಾಲ್ಕನ್ನು ಬರೆಸಿದವನು ತಾನು.

ಕಾರಿನಲ್ಲಿ ಏಲಕ್ಕಿಯ ವಾಸನೆ ಗಂಟಲಿಗೆ ಹತ್ತುವಷ್ಟಿತ್ತು. ನಿನ್ನೆ ರಾಣೆಬೆನ್ನೂರಿನಲ್ಲಿ ವ್ಯಾಪಾರಸ್ಥರ ಸಂಘದವರು ಹಾಕಿದ ಏಲಕ್ಕಿ ಹಾರ ಹಿಂದಿನ ಸೀಟಿನ ಮೇಲೆ ಹಾಗೇ ಬಿದ್ದಿತ್ತು. ಹಳೆಯ ಪರಿಚಯದ ಬೀಜದ ಕಂಪನಿಯವರು, ಹತ್ತಿ ಗಿರಣಿಯವರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನಮ್ಮಲ್ಲೇ ಒಬ್ಬ ಮನುಷ್ಯ ಪಗಾರದ ಮುಖ ನೋಡದೆ ಸರ್ಕಾರಿ ಸಾಲಿ ಉದ್ಧಾರಕ್ಕೆ ಹೋದ ಎಂದು ಒಬ್ಬರು ಭಾಷಣ ಮಾಡಿದರು. ಪುಂಡಲೀಕ ತಲೆ ತಗ್ಗಿಸಿ ಕೇಳಿದ್ದ, ಆದರೆ ಕಿವಿ ಎರಡೂ ತೆರೆದೇ ಇದ್ದವು. ಹೊಗಳಿಸಿಕೊಳ್ಳುವುದು ಅವನಿಗೆ ಸೇರುತ್ತಿತ್ತು, ಸುಳ್ಳೇಕೆ. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಅಪ್ಪನನ್ನು ಯಾರೂ ಯಾವತ್ತೂ ಎದ್ದು ನಿಂತು ಮಾತಾಡಿಸಿರಲಿಲ್ಲ. ಮಗ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯ ಜನರಲ್ ಮ್ಯಾನೇಜರ್ ಆಗಿ ಹನ್ನೊಂದು ವರ್ಷ ಇದ್ದರೂ ಜನ ಎದ್ದು ನಿಲ್ಲುತ್ತಿದ್ದುದು ಪಗಾರದ ದಿನ ಮಾತ್ರ. ಸರ್ಕಾರಿ ಗಾಡಿಯಲ್ಲಿ ಶಾಲೆಯ ಮುಂದೆ ಇಳಿದಾಗ ಮಕ್ಕಳು ಸಾಲಾಗಿ ಎದ್ದು ನಮಸ್ಕಾರ ಹೇಳಿದ ಮೊದಲ ದಿನ ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಡ್ರೈವರ್ ಕೊಟ್ರಪ್ಪ ನೋಡಿದ್ದ. ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ.

ಇವತ್ತು ಸಂತೆಯ ದಿನವಾದ್ದರಿಂದ ಬ್ಯಾಡಗಿ ಮಾರುಕಟ್ಟೆಯ ರಸ್ತೆಯಲ್ಲಿ ಗಾಡಿ ಮುಂದೆ ಹೋಗುವ ಹಾಗಿರಲಿಲ್ಲ. ಟ್ರಾಕ್ಟರು, ಲಾರಿ, ಚೀಲ, ಕೆಮ್ಮು. ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಚೀಲಗಳು ನಿಂತಿದ್ದವು, ಖರೀದಿದಾರರು ಅಂಗಿಯ ತೋಳು ಮಡಚಿ ಕೈಯನ್ನು ಚೀಲದ ತಳದ ತನಕ ಇಳಿಸುತ್ತಿದ್ದರು. ಮೇಲೆ ಒಳ್ಳೆಯ ಕಾಯಿ, ತಳದಲ್ಲಿ ಮಳೆ ಹೊಡೆದು ಬೆಳ್ಳಗಾದ ಕಾಯಿ, ಇದು ಎಲ್ಲರಿಗೂ ಗೊತ್ತಿದ್ದ ಆಟ. ಆದರೆ ಅಪರೂಪಕ್ಕೊಬ್ಬ ರೈತ ಬರುತ್ತಿದ್ದ, ಬೆಳ್ಳಗಾದ್ದನ್ನೆಲ್ಲ ಬೇರೆ ಚೀಲದಲ್ಲಿ ತುಂಬಿ ಅದನ್ನೇ ಮೊದಲು ಬಿಚ್ಚಿ ತೋರಿಸಿ ಇದು ಕೆಟ್ಟೈತ್ರಿ ಸಾಹೇಬ್ರ ಅನ್ನುತ್ತಿದ್ದ. ಅಂಥವನ ಉಳಿದ ಚೀಲಗಳಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಸೀದಾ ತೂಕಕ್ಕೆ. ಪುಂಡಲೀಕ ಇಡೀ ಆಯುಷ್ಯದಲ್ಲಿ ಕಲಿತ ವ್ಯವಹಾರವೆಂದರೆ ಇದೊಂದೇ. ಇದನ್ನೇ ಅವನು ಹೋದ ಆಗಸ್ಟ್‌ನಲ್ಲಿ ಹಾವೇರಿಯ ತರಬೇತಿ ಸಭಾಂಗಣದಲ್ಲಿ ಇನ್ನೂರು ಮಂದಿ ಮುಖ್ಯ ಶಿಕ್ಷಕರ ಮುಂದೆ ನಿಂತು ಹೇಳಿದ್ದ. ಪ್ರತಿ ವರ್ಷ ನಿಮ್ಮ ಓದಿನ ಮಟ್ಟದ ಹಾಳಿಯೊಳಗ ಎಲ್ಲಾ ಮಕ್ಕಳೂ ಓದತಾವ, ಸಾಲಿಗೆ ಬಂದ್ರ ಒಂದೂ ಓದೂದಿಲ್ಲ. ಈ ಸರ್ತಿ ಕೆಟ್ಟ ಚೀಲದ ಬಾಯಿ ಮೊದಲು ಬಿಚ್ಚ್ರಿ. ಯಾ ಸಾಲಿಯೊಳಗ ಮಕ್ಕಳಿಗೆ ಬರಂಗಿಲ್ಲೋ ಆ ಸಾಲಿಗೆ ಮೊದಲು ಮಾಸ್ತರನ್ನ ಕೊಡ್ತೇವಿ. ಖರೇ ಬರದವರಿಗೆ ಒಂದು ಕೂದಲೂ ಕೊಂಕೂದಿಲ್ಲ, ಇದು ನನ್ನ ಮಾತು.

ಸಭಾಂಗಣದಲ್ಲಿ ಹಿಂದಿನ ಸಾಲಿನವರು ನಕ್ಕಿದ್ದರು. ಮೆಣಸಿನಕಾಯಿ ಸಾಹೇಬರು ಎಂದು ಅವನಿಗೆ ಹೆಸರಿಟ್ಟದ್ದೂ ಅವತ್ತೇ. ಇನ್ನೂರರಲ್ಲಿ ನೂರಾ ತೊಂಬತ್ತೊಂಬತ್ತು ಜನ ಎಂದಿನಂತೆ ಬರೆದರು, ಎಲ್ಲಾ ಮಕ್ಕಳೂ ಓದುತ್ತಾರೆ ಎಂದು. ಇಲಾಖೆಯ ಸಂಗಡ ಮೂವತ್ತು ವರ್ಷ ಬಾಳಿದವರಿಗೆ ಗೊತ್ತಿದ್ದ ವಿಷಯ ಇವನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಾಗಬಾರದೆಂದು ಇವನೇ ಮುಖ ತಿರುವಿದ್ದನೇನೋ. ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ಬಾಗಿಲ ಹತ್ತಿರ ಕಾಯುತ್ತಿದ್ದಳು, ಐವತ್ತೆಂಟರ ಆಸುಪಾಸು, ಮಾಸಿದ ಹಸಿರು ಸೀರೆ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದಳು. "ಸರ, ನಾ ಭರಮವ್ವ, ಅಗಡಿ ಆಚೆ ಪ್ಲಾಟಿನ ಸಾಲಿ. ನಾ ಒಬ್ಬಾಕಿನ ಇರೋದು, ಐದೂ ಕ್ಲಾಸು ನಂದ. ಖರೇ ಬರದ್ರ ಖರೇನ ಇನ್ನೊಬ್ಬ ಮಾಸ್ತರ ಬರ್ತಾರೇನ್ರಿ?" ಎಂದು ಕೇಳಿದ್ದಳು. ಬರ್ತಾರ ಅಕ್ಕೋರ, ನನ್ನ ನಂಬ್ರಿ, ಎಂದಿದ್ದ. ನಂಬ್ರಿ ಎಂಬ ಮಾತನ್ನು ಆಗ ಎಷ್ಟು ಸಲೀಸಾಗಿ ಆಡಿದ್ದೆ ಎಂದು ಈಗ ನೆನೆದರೆ ನಾಲಿಗೆ ಕಹಿಯಾಯಿತು. ಕೊಟ್ರಪ್ಪ ಹಾರ್ನ್ ಬಾರಿಸುತ್ತಲೇ ಇದ್ದ. ಮೋಟೆಬೆನ್ನೂರು ಮುಟ್ಟಿ ಹೆದ್ದಾರಿಗೆ ಬಿದ್ದ ಮೇಲೆ ಪುಂಡಲೀಕ ಬೆಂಗಳೂರಿಗೆ ಫೋನು ಹಚ್ಚಿದ.

"ಹೇಳ್ರಿ ಪುಂಡಲೀಕ, ಪಟ್ಟಿ ಮುಟ್ಟಿತಲ್ಲ" ಎಂದ ಸದಾಶಿವ. ದನಿ ಯಾವಾಗಿನಂತೆ ಮೆತ್ತಗಿತ್ತು. "ಸರ, ಹದಿನೇಳನೇದು ತಪ್ಪಾಗೈತಿ. ಆ ಹಾಳಿ ನಾವು ಮಾಸ್ತರ ಬೇಕಂತ ಕೇಳಾಕ ತುಂಬಿಸಿದ್ದು." ಅತ್ತ ಕಡೆ ಚಹಾ ಗುಟುಕರಿಸಿದ ಸದ್ದು ಕೇಳಿತು. "ತಪ್ಪೇನಾಗಿಲ್ಲ. ನೀವು ಅದಕ್ಕ ತುಂಬಿಸಿದ್ರಿ, ಸರ್ಕಾರ ಇದಕ್ಕ ಬಳಸೇತಿ. ಓದಾಕ ಬರಲಾರದ ಸಾಲಿ ನಡಸಿ ಏನ್ಮಾಡೂದು?" "ನೀವ ಹೇಳಿದ್ರಿ ಸರ, ಖರೇ ಬರದವರಿಗೆ ತ್ರಾಸ ಆಗೂದಿಲ್ಲ ಅಂತ. ನಾ ಅವರಿಗೆ ಮಾತು ಕೊಟ್ಟೇನಿ." "ಮಾತು ಕೊಟ್ಟವರು ನೀವು. ನಾ ನಿಮಗ ಹೇಳಿದ್ದೆ, ಅಷ್ಟ." ಪುಂಡಲೀಕನಿಗೆ ಇಂಥ ಹೊತ್ತಿನಲ್ಲಿ ಜೋರಾಗಿ ಮಾತಾಡಲು ಯಾವತ್ತೂ ಬರುತ್ತಿರಲಿಲ್ಲ, ದನಿ ತಾನಾಗಿ ತಗ್ಗುತ್ತಿತ್ತು. "ಹಂಗಾರ ನನ್ನ ಯಾಕ ಕರಕೊಂಡ ಬಂದ್ರಿ ಸರ? ಸಾಲಿ ಮುಚ್ಚಾಕ ನಿಮ್ಮ ಇಲಾಖೆಯೊಳಗ ಮಂದಿ ಇದ್ದಿದ್ದಿಲ್ಲೇನು?" ಎಂದು ಕೇಳಿದ. ಕೇಳಬಾರದಿತ್ತು.

ಸದಾಶಿವ ನಕ್ಕ. ಕೆಟ್ಟದಾಗಿ ಅಲ್ಲ, ಸ್ನೇಹದಿಂದಲೇ ನಕ್ಕ, ಅದೇ ಹೆಚ್ಚು ನೋಯಿಸಿತು. "ನೀವು ಇನ್ನೂ ಆ ಓದು ಕಲಿಸೋ ವರ್ಗದ ಸಲುವಾಗಿ ತಗೊಂಡ್ವಿ ಅಂತ ಮಾಡೀರೇನು? ಅದು ಪೇಪರಿನವರಿಗೆ ಹೇಳಾಕ ಛಲೋ ಇತ್ತು. ಇನ್ನೂರು ಹೆಣ್ಣುಮಕ್ಕಳನ್ನ ಒಂದು ಕಲ್ಲು ಬೀಳದಂಗ ಮನೀಗೆ ಕಳಿಸಿದ್ರಲ್ಲ ನೀವು, ಒಂದು ಧರಣಿ ಇಲ್ಲ, ಒಂದು ಬೋರ್ಡು ಇಲ್ಲ. ಅದನ್ನ ನೋಡಿ ನಾನ ನಿಮ್ಮ ಹೆಸರು ಹೇಳಿದೆ. ನಮ್ಮ ಇಲಾಖೆಯೊಳಗ ಯಾರಿಗೂ ಆ ಕೈ ಇಲ್ಲ, ಮಾರಾಯ್ರ. ಸಾಲಿ ಮುಚ್ಚಿದ್ರ ಊರ ಮಂದಿ ಬಡಿಗಿ ತಗೊಂಡ ಬರ್ತಾರ. ನಿಮ್ಮ ಮುಖ ನೋಡಿದ್ರ ಬರೂದಿಲ್ಲ." ಕೊಟ್ರಪ್ಪನಿಗೆ ಕೇಳಿಸುತ್ತಿದೆಯೋ ಏನೋ ಎಂದು ಪುಂಡಲೀಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

ಇನ್ನೂರು ಅಲ್ಲ, ನೂರಾ ಎಂಬತ್ನಾಲ್ಕು. ಮೆಣಸಿನಕಾಯಿಯ ತೊಟ್ಟು ತೆಗೆಯುವ ಹೆಣ್ಣುಮಕ್ಕಳು, ಗೋಡೌನಿನ ನೆಲದ ಮೇಲೆ ಸಾಲಾಗಿ ಕೂತು, ಮೂಗಿಗೆ ಸೆರಗು ಕಟ್ಟಿ. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ತಾಸು ಅವರಿಗೆ ಓದು ಕಲಿಸುವ ವರ್ಗ ತೆಗೆದದ್ದು ಪುಂಡಲೀಕನೇ, ಮಾಲೀಕರು ಬೇಡವೆಂದರೂ ಕೇಳದೆ. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮುಮ್ತಾಜಬಿ, ನಲವತ್ತೈದು ದಾಟಿದವಳು, ಆರೇ ತಿಂಗಳಲ್ಲಿ ಬಸ್ಸಿನ ಬೋರ್ಡು ಓದಿ ಬಂದು ಹೇಳಿದ ದಿನ ಇವನಿಗೆ ಮನೆಯಿಂದ ಸುರಕುಂಬಾ ಎಂಬ ಶಾವಿಗೆ ಪಾಯಸ ತಂದುಕೊಟ್ಟಿದ್ದಳು. ಸದಾಶಿವ ಫ್ಯಾಕ್ಟರಿ ನೋಡಲು ಬಂದಾಗ ಅವಳೇ ಎದ್ದು ನಿಂತು ಒಂದು ಪುಟ ಓದಿದ್ದಳು. ಸದಾಶಿವ ಇವನ ಬೆನ್ನು ತಟ್ಟಿದ್ದ. ಅದಾಗಿ ನಾಲ್ಕು ತಿಂಗಳಿಗೆ ತೊಟ್ಟು ತೆಗೆಯುವ ಯಂತ್ರ ಬಂತು. ನೋಟೀಸನ್ನು ಗೋಡೆಗೆ ಅಂಟಿಸಿದವನೂ ಪುಂಡಲೀಕನೇ, ಒಬ್ಬೊಬ್ಬರನ್ನೇ ಕರೆದು ಕೂಡಿಸಿ, ಚಹಾ ಕೊಟ್ಟು, ಮಕ್ಕಳ ಹೆಸರು ಕೇಳಿ, ಸಮಾಧಾನ ಹೇಳಿ ಕಳಿಸಿದವನೂ ಅವನೇ. ಮುಮ್ತಾಜಬಿ ಮಾತ್ರ ಒಳಗೆ ಬರಲಿಲ್ಲ. ಗೋಡೆಯ ಮುಂದೆ ನಿಂತು ನೋಟೀಸನ್ನು ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿ, "ನೀವು ಕಲಿಸಿದ್ದು ಛಲೋ ಆತ್ರಿ ಸಾಹೇಬ್ರ, ಇನ್ನೊಬ್ಬರ ಕೈಲೆ ಓದಿಸ್ಕೊಳ್ಳೋದು ತಪ್ಪಿತು" ಎಂದು ಹೋದಳು. ಈ ಮಾತನ್ನು ಅವನು ಶೀಲಾಗೂ ಹೇಳಿರಲಿಲ್ಲ. ಮಿಷನ್ನಿನ ಸಂದರ್ಶನದಲ್ಲಿ ಓದಿನ ವರ್ಗದ ಕಥೆ ಹೇಳಿದ್ದ, ಸುರಕುಂಬಾದ ಕಥೆ ಹೇಳಿದ್ದ, ನೋಟೀಸಿನ ಕಥೆ ಬಿಟ್ಟಿದ್ದ. ಎದುರಿಗೆ ಕೂತವರಿಗೆ ಬೇಕಾಗಿದ್ದದ್ದೇ ಅದು ಎಂದು ಈಗ ತಿಳಿಯಿತು. ತನ್ನ ಒಳ್ಳೆಯತನವನ್ನು ನೋಡಿ ಕರೆದರು ಎಂದು ಎರಡು ಮುಕ್ಕಾಲು ವರ್ಷ ನಂಬಿಕೊಂಡು ಓಡಾಡಿದ್ದನಲ್ಲ, ಇದಕ್ಕಿಂತ ದೊಡ್ಡ ಮೋಸ ಇನ್ನಾವುದಿದೆ ಎಂದು ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಕೇಳಾಕತ್ತೀರೇನು?" ಎಂದ ಸದಾಶಿವ. "ಒಂದ ಸಾಲಿ ಉಳೀಬೇಕಂದ್ರ ದಾರಿ ಐತಿ. ಆಕ್ಷೇಪಣೆ ಹಾಳಿ ಕಳಿಸೇವಿ ನೋಡ್ರಿ, ಎರಡು ಖಾನೆ ಅದಾವ. ಮೊದಲನೇದು, ಮುಖ್ಯ ಶಿಕ್ಷಕಿ ಮಾಹಿತಿ ತಪ್ಪು ತುಂಬ್ಯಾಳ ಅಂತ. ಎರಡನೇದು, ಜಿಲ್ಲಾ ನಿರ್ದೇಶಕರು ನೋಡದ ದೃಢೀಕರಿಸ್ಯಾರ ಅಂತ. ಒಂದಕ್ಕ ಗುರುತು ಹಾಕಿ ಇವತ್ತ ಸಂಜಿ ಐದರೊಳಗ ಕಳಸ್ರಿ, ಸಾಲಿ ಪಟ್ಟಿಯಿಂದ ಹೊರಗ. ಮೊದಲನೇದು ಹಾಕಿದ್ರ ಆಕಿ ಕೈಬರಹದ ಹೇಳಿಕೆ ಇರಬೇಕು ಮತ್ತ." ಆಕೆಗೆ ಏನಾಗುತ್ತದೆ ಎಂದು ಕೇಳಿದ. "ನೋಟೀಸು. ಒಂದು ವಿಚಾರಣೆ. ಇನ್ನೊಂದು ವರ್ಷಕ್ಕ ನಿವೃತ್ತಿ ಅಲ್ಲ ಆಕಿದು? ಪಿಂಚಣಿ ಸ್ವಲ್ಪ ದಿವಸ ತಡೀತೈತಿ, ಆಮ್ಯಾಲೆ ಸರಿ ಹೋಕ್ಕೈತಿ." ಎರಡನೆಯದು ಹಾಕಿದರೆ ಎಂದು ಕೇಳುವ ಮೊದಲೇ ಸದಾಶಿವ ಹೇಳಿದ, "ಎರಡನೇದು ಹಾಕಿದ್ರ ನಿಮ್ಮ ಮುಂದುವರಿಕೆ ಫೈಲು ನಾ ಯಾ ಮುಖಾ ಹೊತ್ತು ಮ್ಯಾಲೆ ಕಳಿಸ್ಲಿ?"

ಹಾವೇರಿಯ ಕಚೇರಿಯಲ್ಲಿ ಅವನು ಮಧ್ಯಾಹ್ನದ ತನಕ ಕೂತಿದ್ದ, ಏನು ಮಾಡಿದೆ ಎಂದು ಕೇಳಿದರೆ ಹೇಳಲು ಬಾರದು. ಕಂಪ್ಯೂಟರಿನಲ್ಲಿ ಪ್ಲಾಟಿನ ಸುತ್ತಲಿನ ಶಾಲೆಗಳ ಹಾಳೆಗಳನ್ನು ತೆಗೆದು ನೋಡಿದ. ಎಲ್ಲಾ ಮಕ್ಕಳೂ ಓದುತ್ತಿದ್ದವು. ಭರಮವ್ವನ ಮಕ್ಕಳನ್ನು ಸೇರಿಸಬೇಕೆಂದಿದ್ದ ಪಕ್ಕದೂರಿನ ಶಾಲೆಯಲ್ಲಿ ನೂರಕ್ಕೆ ನೂರು. ಆ ಶಾಲೆಗೆ ಇವನೇ ಎರಡು ಸಲ ಹೋಗಿದ್ದ, ಐದನೆಯ ತರಗತಿಯ ಮಕ್ಕಳು ತಮ್ಮ ಹೆಸರು ಬರೆಯಲು ಒಬ್ಬರ ಮುಖ ಒಬ್ಬರು ನೋಡಿದ್ದರು. ಆ ಹಾಳೆಯನ್ನೂ ಇವನೇ ದೃಢೀಕರಿಸಿದ್ದ. ಇನ್ನೂರು ಹಾಳೆ ಒಂದೇ ಸಂಜೆಗೆ, ಸದಾಶಿವ ಫೋನಿನಲ್ಲಿ ಲಗೂ ಮಾಡ್ರಿ ಲಗೂ ಮಾಡ್ರಿ ಅನ್ನುತ್ತಿದ್ದ ಸಂಜೆ. ಹಾಗೆ ನೋಡಿದರೆ ಎರಡನೆಯ ಖಾನೆಯ ಮಾತು ಅಕ್ಷರಶಃ ಖರೆ. ಇದು ಹೊಳೆದ ಕೂಡಲೇ ಅವನಿಗೆ ಹಗುರವೆನಿಸಿತು, ಸತ್ಯವನ್ನೇ ಬರೆದು ಕಳಿಸಿದರಾಯಿತಲ್ಲ ಎಂದು. ಪೆನ್ನು ತೆಗೆದ. ಆಮೇಲೆ ಫ್ಯಾಕ್ಟರಿಯಲ್ಲಿ ತನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗನ ಮುಖ ನೆನಪಾಯಿತು, ಐವತ್ತೆರಡರಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ ಎಂಬುದು ನೆನಪಾಯಿತು, ರಾಣೆಬೆನ್ನೂರಿನ ಚಪ್ಪಾಳೆ ನೆನಪಾಯಿತು. ಅಂತರ್ಜಾಲದಲ್ಲಿ ಹಾಕುತ್ತಾರೆ ಇಂಥದ್ದನ್ನೆಲ್ಲ, ಎಲ್ಲರೂ ಓದುತ್ತಾರೆ. ಹಿಂದಿನ ಸಾಲಿನಲ್ಲಿ ನಕ್ಕವರೆಲ್ಲ ಓದುತ್ತಾರೆ. ಪೆನ್ನಿನ ಮುಚ್ಚಳ ಹಾಕಿ, ಮೊದಲು ಅಕ್ಕೋರನ್ನು ಕಂಡು ಮಾತಾಡುವುದು ನ್ಯಾಯ ಎಂದು ತನಗೆ ತಾನೇ ಹೇಳಿಕೊಂಡ. ಹೊರಗೆ ಬಂದಾಗ ಜವಾನ ಕುರ್ಚಿಯಿಂದ ಎದ್ದ ಹಾಗೆ ಮಾಡಿ ಎದ್ದೇಳದೆ ಕೂತ. ಗುತ್ತಿಗೆ ಮುಗಿಯುವ ಸಾಹೇಬರಿಗೆ ಅಷ್ಟೇ ಏಳಬೇಕು ಎಂಬ ಲೆಕ್ಕ ಅವನಿಗೂ ಗೊತ್ತಿತ್ತು.

ಪ್ಲಾಟಿನ ಶಾಲೆ ಎಂದರೆ ಎರಡು ಕೋಣೆ, ಒಂದು ಅಡುಗೆ ಮನೆ, ಮುಂದೆ ಬೇವಿನ ಗಿಡ. ಗಾಡಿ ನಿಂತದ್ದು ಕೇಳಿ ಭರಮವ್ವ ಬಾಗಿಲಿಗೆ ಬಂದಳು, ಕೈಯೆಲ್ಲ ಸೀಮೆಸುಣ್ಣದ ಪುಡಿ. "ಬರ್ರಿ ಸರ, ಒಳಗ ಬರ್ರಿ. ನೀವು ಬಂದಿದ್ದು ಛಲೋ ಆತು" ಎಂದು ಇವನಿಗೆ ಬಾಯಿ ತೆರೆಯಲು ಬಿಡದೆ ಒಳಗೆ ಕರೆದುಕೊಂಡು ಹೋದಳು. "ಸಲ್ಮಾ, ಏಳವ. ಸರ್‌ಗೆ ಓದಿ ತೋರಿಸು." ನಾಲ್ಕನೆಯ ತರಗತಿಯ ಹುಡುಗಿ, ಎರಡು ಜಡೆ, ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು ಓದತೊಡಗಿದಳು. ಆಗಸ್ಟ್‌ನ ಹಾಳೆಯಲ್ಲಿ ಈ ಹುಡುಗಿಯ ಹೆಸರಿನ ಮುಂದೆ ಅಕ್ಷರ ಮಾತ್ರ ಎಂದಿತ್ತು. ಈಗ ಪೂರ್ಣವಿರಾಮಕ್ಕೆ ನಿಂತು, ಉಸಿರು ತಗೊಂಡು, ಮುಂದಿನ ಸಾಲಿಗೆ ಹೋಗುತ್ತಿದ್ದಳು. ಅವಳಾದ ಮೇಲೆ ಇನ್ನೊಬ್ಬ, ಅವನಾದ ಮೇಲೆ ಮತ್ತೊಬ್ಬಳು. ಭರಮವ್ವ ಕಪಾಟಿನಿಂದ ಒಂದು ಹಾಳೆ ತಂದು ಅವನ ಮುಂದೆ ಹಿಡಿದಳು, ಮೊನ್ನೆ ತಾನೇ ತುಂಬಿದ ಹೊಸ ಹಾಳೆ. ಹತ್ತೊಂಬತ್ತರಲ್ಲಿ ಹದಿನಾರು ಮಕ್ಕಳಿಗೆ ಓದಲು ಬರುತ್ತದೆ, ಮೂವರಿಗೆ ಬರುವುದಿಲ್ಲ. "ಮೂರು ಮಕ್ಕಳಿಗೆ ಇನ್ನೂ ಬಂದಿಲ್ಲ ಸರ, ಅದನ್ನೂ ಬರದೇನಿ. ಎಲ್ಲಾ ಬರ್ತೈತಿ ಅಂತ ಬರದ್ರ ನಿಮಗ ಸುಳ್ಳು ಹೇಳಿದಂಗ ಆಗ್ತೈತಿ" ಎಂದಳು. ಆಮೇಲೆ ಸ್ವಲ್ಪ ನಾಚಿಕೊಂಡು, "ಜೂನಕ್ಕ ಮಾಸ್ತರ ಬರ್ತಾರಲ್ರಿ?" ಎಂದು ಕೇಳಿದಳು.

ಪಕ್ಕದ ಕೋಣೆಯಲ್ಲಿ ಮೇಜಿನ ಎದುರು ಕೂತ ಮೇಲೆ ಅವನು ಹೇಳಿದ. ಸ್ವಲ್ಪ ತೊಂದ್ರಿ ಆಗೈತಿ ಎಂದು ಶುರು ಮಾಡಿದ, ಒಂದು ಪಟ್ಟಿ ಬಂದೈತಿ ಎಂದ, ಅದರಾಗ ನಮ್ಮ ಸಾಲಿ ಸೇರೈತಿ ಎಂದ. ಎಲ್ಲವೂ ತಾನಾಗಿ ಬಂದು ತಾನಾಗಿ ಸೇರಿದಂತೆ ಹೇಳುತ್ತಿದ್ದೇನೆ ಎಂಬುದು ಅವನಿಗೇ ಕೇಳಿಸುತ್ತಿತ್ತು. ನೂರಾ ಎಂಬತ್ಮೂರು ಸಲ ಹೇಳಿ ರೂಢಿಯಾದ ಮಾತಿನ ಧಾಟಿ ಅದು. ಭರಮವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

"ನನ್ನ ಹಾಳಿ ನೋಡಿ ಸೇರಿಸ್ಯಾರೇನ್ರಿ?"

"ಹೌದು ಅಕ್ಕೋರ."

"ಬಾಜೂ ಊರಿನ ಸಾಲಿಯವ್ರು?"

"ಅವರು ಎಲ್ಲಾರಿಗೂ ಬರ್ತೈತಿ ಅಂತ ಬರದಾರ."

"ಅಲ್ಲಿ ಬರಂಗಿಲ್ರಿ ಸರ."

"ಗೊತ್ತೈತಿ."

ಗೊತ್ತೈತಿ ಎಂಬ ಮಾತನ್ನು ಕೇಳಿ ಅವಳು ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. "ಅಲ್ಲಿಗೆ ಹೋಗಬೇಕಂದ್ರ ದೊಡ್ಡ ರಸ್ತಾ ದಾಟಿ ಮೂರು ಕಿಲೋಮೀಟರು" ಎಂದಳು. "ಗಂಡುಹುಡುಗರು ಹೋಕ್ಕಾವ. ಹೆಣ್ಣುಹುಡುಗ್ಯಾರನ್ನ ಯಾರೂ ಕಳಸೂದಿಲ್ಲ. ಸಲ್ಮಾನ ಅವ್ವ ಈಗ ಹೇಳಾಕತ್ತಾಳ, ಸಾಕು ಬಿಡ್ರಿ ಅಕ್ಕೋರ, ನನ್ನ ಕೂಡ ಮೆಣಸಿನಕಾಯಿ ತೊಟ್ಟು ತಗಿಯಾಕ ಬರ್ಲಿ ಅಂತ. ಸಾಲಿ ಬಾಗಿಲಾ ಹಾಕಿದ ದಿವಸನ ಕರಕೊಂಡ ಹೋಕ್ಕಾಳ." ಗೋಡೆಯ ಆಚೆಯಿಂದ ಮಕ್ಕಳು ಓದುವ ಸದ್ದು ಬರುತ್ತಲೇ ಇತ್ತು, ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಪುಂಡಲೀಕ ಒಂದು ದಾರಿ ಐತಿ ಎಂದು ಆಕ್ಷೇಪಣೆಯ ಹಾಳೆಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಳ್ಳಿದ. ಮೊದಲನೆಯ ಖಾನೆಯ ಬಗ್ಗೆ ಹೇಳಿದ. ನಿಮ್ಮ ಕೈಬರಹದಲ್ಲಿ ಒಂದು ಹೇಳಿಕೆ ಬೇಕಾಗುತ್ತದೆ ಎಂದು ಹೇಳಿದ. ಒಂದು ನೋಟೀಸು ಬರಬಹುದು, ವಿಚಾರಣೆ ನಡೆಯಬಹುದು, ಪಿಂಚಣಿ ಸ್ವಲ್ಪ ತಡವಾಗಬಹುದು, ಅಷ್ಟೇ ಎಂದ. ಎರಡನೆಯ ಖಾನೆಯ ಬಗ್ಗೆ ಏನೂ ಹೇಳಲಿಲ್ಲ.

ಆದರೆ ಭರಮವ್ವ ಮೂವತ್ತೆರಡು ವರ್ಷ ಮಕ್ಕಳಿಗೆ ಓದು ಕಲಿಸಿದವಳು, ಯಾವ ಹಾಳೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಮಕ್ಕಳಿಗೆ ತೋರಿಸುವಂತೆ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಬಂದಳು. ಬೆರಳು ಮೊದಲನೆಯ ಖಾನೆಯನ್ನು ದಾಟಿತು. ಎರಡನೆಯದಕ್ಕೆ ಬಂದು ಅಲ್ಲೇ ನಿಂತಿತು. ಪುಂಡಲೀಕ ಅದನ್ನು ನೋಡಿದ, ನೋಡಿ ಗೋಡೆಯ ಮೇಲಿದ್ದ ನಕಾಶೆಯ ಕಡೆ ತಿರುಗಿದ. ಈಗ ಹೇಳಬೇಕು ಎಂದುಕೊಂಡ. ಅದು ನನ್ನ ಖಾನೆ ಅಕ್ಕೋರ, ಅದಕ್ಕೆ ನಾನು ಗುರುತು ಹಾಕುತ್ತೇನೆ, ನೀವು ಏನೂ ಬರೆಯಬೇಡಿ. ಮಾತೆಲ್ಲ ಸಾಲಾಗಿ ತಯಾರಿತ್ತು, ಬಾಯಿ ತೆರೆದರಾಗುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ಮಾತು ಬಂತು: ನೀನು ಹೋದರೆ ನಿನ್ನ ಜಾಗಕ್ಕೆ ಬರುವವನು ಇದಕ್ಕಿಂತ ಕೆಟ್ಟವನು, ಇಪ್ಪತ್ಮೂರರ ಬದಲು ಎಪ್ಪತ್ತು ಮುಚ್ಚುತ್ತಾನೆ, ನೀನಿದ್ದರೆ ಇಂಥ ಎಷ್ಟೋ ಶಾಲೆಗಳು ಉಳಿಯುತ್ತವೆ. ಇನ್ನೂ ಒಂದು ಬಂತು: ಬೆಳಗಿನಿಂದ ಮೋಸ ಹೋದವನು ನೀನು, ನಿನ್ನನ್ನು ಬಳಸಿಕೊಂಡರು, ಎಲ್ಲಾ ತಪ್ಪನ್ನೂ ನೀನೇ ಏಕೆ ಹೊರಬೇಕು. ಎರಡೂ ಮಾತು ನ್ಯಾಯವಾಗಿಯೇ ಕೇಳಿದವು. ಅವೆರಡರ ಹಿಂದೆ ಕೂತು ಕಾಯುತ್ತಿದ್ದದ್ದು ಬರೀ ಭಯ ಎಂಬುದು ಅವನಿಗೆ ಗೊತ್ತಿತ್ತು. ಅವನು ನಕಾಶೆಯ ಮೇಲೆ ರಾಣೆಬೆನ್ನೂರು ಎಲ್ಲಿದೆ ಎಂದು ಹುಡುಕಿದ, ಸಿಕ್ಕಿತು, ಬ್ಯಾಡಗಿಯನ್ನೂ ಹುಡುಕಿದ. ಅವಳ ಬೆರಳು ಇನ್ನೂ ಅಲ್ಲೇ ಇತ್ತು. ಎಷ್ಟು ಹೊತ್ತು ಇತ್ತೋ, ಗೋಡೆಯಾಚೆ ಒಂದು ಮಗು ಒಂದು ಪುಟ ಓದಿ ಮುಗಿಸಿತು.

ಆಮೇಲೆ ಅವಳು ಬೆರಳೆತ್ತಿ, ಹಾಜರಿ ಪುಸ್ತಕದ ಒಳಗಿಂದ ಒಂದು ಬಿಳಿ ಹಾಳೆ ತೆಗೆದು, ಬರೆಯತೊಡಗಿದಳು. ಕಪ್ಪು ಹಲಗೆಯ ಮೇಲೆ ಬರೆಯುವಂತೆ ದೊಡ್ಡದಾದ, ಗುಂಡನೆಯ ಅಕ್ಷರ. ಮಾನ್ಯರೇ, ಕಳೆದ ಆಗಸ್ಟ್ ತಿಂಗಳಲ್ಲಿ ನಮ್ಮ ಶಾಲೆಯ ಮಕ್ಕಳ ಓದಿನ ಮಟ್ಟದ ಬಗ್ಗೆ ನಾನು ಸಲ್ಲಿಸಿದ ಮಾಹಿತಿ ಸುಳ್ಳಾಗಿರುತ್ತದೆ. ಇದಕ್ಕೆ ನಾನೇ ಜವಾಬ್ದಾರಳು. ಪುಂಡಲೀಕ ತಲೆಕೆಳಗಾಗಿಯೇ ಅದನ್ನು ಓದಿದ. ಸುಳ್ಳು ಎಂಬ ಮಾತು ಬೇಡ, ತಪ್ಪು ಎಂದರೆ ಸಾಕು ಎನ್ನಬೇಕೆಂದುಕೊಂಡ. ಸಹಿ ಹಾಕಿ ಅವಳು ಹಾಳೆಯನ್ನು ಇತ್ತ ತಿರುಗಿಸಿದಳು.

"ದಿನಾಂಕ ಬಿಟ್ಟೀರಿ ಅಕ್ಕೋರ" ಎಂದ.

ತನ್ನ ಬಾಯಿಂದ ಬಂದ ಮಾತು ಇದೇನಾ ಎಂದು ಅವನಿಗೆ ನಂಬಲಾಗಲಿಲ್ಲ. ಭರಮವ್ವ ಹಾಳೆ ಎಳೆದುಕೊಂಡು ದಿನಾಂಕ ಹಾಕಿದಳು. ಅವನು ಆಕ್ಷೇಪಣೆಯ ಹಾಳೆಯ ಮೊದಲನೆಯ ಖಾನೆಗೆ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಎರಡನ್ನೂ ಮೇಜಿನ ಮೇಲೆ ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ. ಮೊದಲನೆಯ ಫೋಟೋ ಸರಿ ಬರಲಿಲ್ಲ, ಇನ್ನೊಮ್ಮೆ ತೆಗೆಯಬೇಕಾಯಿತು. ಅಷ್ಟರಲ್ಲಿ ಅವಳು ಹಾಜರಿ ಪುಸ್ತಕ ಮುಚ್ಚಿ ಎದ್ದು ನಿಂತಳು.

"ಸರ, ಒಂದು ಮಾತು ಹೇಳ್ಲೇನ್ರಿ?"

"ಹೇಳ್ರಿ."

"ನೀವು ಬರೀತೀರೇನೋ ಅಂತ ಸ್ವಲ್ಪ ಹೊತ್ತು ಕಾಯ್ದೆ."

"ಅಕ್ಕೋರ, ನಾ..." ಎಂದ.

"ಇರ್ಲಿ ಬಿಡ್ರಿ. ಸಾಲಿ ಉಳೀತಲ್ಲ, ಅಷ್ಟ ಸಾಕು. ಇನ್ನ ಮ್ಯಾಲೆ ಮಾತ್ರ ನೀವು ಇಲ್ಲಿಗೆ ಬರಬ್ಯಾಡ್ರಿ. ಹಾಳಿ ಬೇಕಾದ್ರ ನಾನ ಆಫೀಸಿಗೆ ತಂದು ಕೊಡ್ತೇನಿ, ನೀವು ಹೆಂಗ ಹೇಳ್ತೀರಿ ಹಂಗ ತುಂಬಿ."

ಇಷ್ಟು ಹೇಳಿ ಅವಳು ಮಕ್ಕಳಿದ್ದ ಕೋಣೆಗೆ ಹೋದಳು. ಬಾಗಿಲು ದಾಟುವಾಗ ಅವಳ ದನಿ ಕೇಳಿತು, ದಿನದ ದನಿಯೇ, ಸಿಟ್ಟಿಲ್ಲ, ಏನಿಲ್ಲ. "ಸರ್ ಹೊಂಟಾರ, ಎದ್ದು ನಮಸ್ಕಾರ ಹೇಳ್ರಿ." ಹತ್ತೊಂಬತ್ತು ಮಕ್ಕಳೂ ಎದ್ದು ನಿಂತು ಕೈ ಮುಗಿದು ಒಂದೇ ದನಿಯಲ್ಲಿ ನಮಸ್ಕಾರ ಹೇಳಿದವು. ಪುಂಡಲೀಕ ಕೈ ಎತ್ತಲು ಹೋದ, ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಮೊಬೈಲು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತ. ಕೊಟ್ರಪ್ಪ ಗಾಡಿಯ ಬಾಗಿಲು ತೆಗೆದು ಹಿಡಿದಿದ್ದ. ಬೆಂಗಳೂರಿನಿಂದ ಸಂದೇಶ ಬಂತು, ಮುಟ್ಟಿತು, ನಾಳೆ ನಿಮ್ಮ ಫೈಲು ಮೇಲೆ ಕಳಿಸುತ್ತೇನೆ ಎಂದು. ಅದನ್ನು ಓದುವಾಗ ಮೊಬೈಲಿನ ತುದಿಯಲ್ಲಿ ಗಂಟೆ ಕಾಣಿಸಿತು. ಐದಕ್ಕೆ ಇನ್ನೂ ಮುಕ್ಕಾಲು ತಾಸಿತ್ತು, ಖಾನೆ ಬದಲಿಸಿ ಕಳಿಸಲು ಸಾಕಾಗುವಷ್ಟು. ಅವನು ಗಾಡಿ ಹತ್ತಿ ಕೂತ.